ಕ್ಯಾಟ್ಜ್ ಡೆಲಿಯೋ, ಸೆಂಟ್ರಲ್ ಪಾರ್ಕ್‌ನ ಕೊಳವೋ?

ಊರಿನಿಂದ ಬಂದಿರುವ ಅಪ್ಪ ಅಮ್ಮನನ್ನು ನ್ಯೂಯಾರ್ಕ್‌ನಲ್ಲಿ ಅರ್ಧ ದಿನ ಎಲ್ಲಿಗೆ ಕರೆದೊಯ್ಯಲಿ, ಕ್ಯಾಟ್ಜ್ ಡೆಲಿ ಎಂಬ ಮಾಂಸದ ಸ್ಯಾಂಡ್‌ವಿಚ್ ಹೋಟೆಲಿಗೋ, ಸೆಂಟ್ರಲ್ ಪಾರ್ಕ್‌ನ ಕೊಳಕ್ಕೋ ಎಂದು ಕೇಳಿದ್ದೀರಿ. ಮೊದಲು ಊಟದ ವಿಷಯ ಇತ್ಯರ್ಥವಾಗಲಿ. 1888ರಿಂದ ನಡೆದುಬಂದಿರುವ ಕ್ಯಾಟ್ಜ್ ಡೆಲಿಯ ಹೆಸರುವಾಸಿ ಪ್ಯಾಸ್ಟ್ರಾಮಿ ಎಂದರೆ ಮಸಾಲೆ ಹಚ್ಚಿ ಹೊಗೆಯಲ್ಲಿ ಬೇಯಿಸಿದ ದನದ ಮಾಂಸ. ಇದನ್ನು ಮೊದಲೇ ಹೇಳದೆ ಹಿರಿಯರನ್ನು ಅಲ್ಲಿ ಕೂರಿಸುವುದು ಸರಿಯಲ್ಲ. ತಿನ್ನುವವರಿಗಾದರೆ ಅದೊಂದು ಹಬ್ಬ. ಬಾಗಿಲಲ್ಲಿ ಕೊಡುವ, ತಿಂದದ್ದರ ಲೆಕ್ಕ ಬರೆಯುವ ಚೀಟಿಯನ್ನು ಹೊರಬರುವವರೆಗೂ ಜೋಪಾನ ಮಾಡಬೇಕು. ಕೌಂಟರಿನಾತ ಬಿಸಿ ಮಾಂಸವನ್ನು ಕೈಯಲ್ಲೇ ಕೊಯ್ಯುತ್ತಾ, ರುಚಿ ನೋಡಲು ಒಂದು ತುಂಡನ್ನು ತಟ್ಟೆಗೆ ಹಾಕಿ ಮುಂದೆ ತಳ್ಳುತ್ತಾನೆ.

ಮನೆಯವರು ಸಸ್ಯಾಹಾರಿಗಳೇ? ಹಾಗಿದ್ದರೆ ಸೆಕೆಂಡ್ ಅವೆನ್ಯೂದ ಬಿ ಅಂಡ್ ಎಚ್ ಡೇರಿಗೆ ಹೋಗಿ. ಯಹೂದಿ ಆಹಾರ ನಿಯಮದಲ್ಲಿ ಹಾಲು ಮತ್ತು ಮಾಂಸ ಬೆರೆಯುವಂತಿಲ್ಲ. ಹಾಗಾಗಿ ಈ ಹಾಲಿನ ಹೋಟೆಲಿನಲ್ಲಿ ಮಾಂಸವೇ ಇಲ್ಲ. ಮೀನು, ಮೊಟ್ಟೆ ಇರುತ್ತವೆ, ಅವು ಬೇಡವಾದರೆ ಮೊದಲೇ ಕೇಳಿ ತರಿಸಿಕೊಳ್ಳಿ. ಸೂಪಿನ ಜೊತೆ ಬರುವ ಹಾಲ್ಲಾ ಎಂಬ ದಪ್ಪ ಯಹೂದಿ ಬ್ರೆಡ್ ನನಗೆ ಬಹಳ ಇಷ್ಟ. ಜಾಗ ಮಾತ್ರ ಇಕ್ಕಟ್ಟು.

ಖರ್ಚಿನಲ್ಲಿ ಕೊಳಕ್ಕೆ ಸಾಟಿಯಿಲ್ಲ, ಪ್ರವೇಶ ಉಚಿತ. ಕ್ಯಾಟ್ಜ್‌ನಲ್ಲಿ ಒಂದು ಸ್ಯಾಂಡ್‌ವಿಚ್ 20 ಡಾಲರ್ ದಾಟುತ್ತದೆ, ಆದರೆ ಇಬ್ಬರಿಗೆ ಸಾಕಾಗುತ್ತದೆ.

ಪಾರ್ಕಿನ ಆಗ್ನೇಯ ಮೂಲೆಯ ಈ ಕೊಳದಲ್ಲೇ 2018ರಲ್ಲಿ ಬಣ್ಣಬಣ್ಣದ ಮ್ಯಾಂಡರಿನ್ ಬಾತುಕೋಳಿ ಕಾಣಿಸಿಕೊಂಡು ನಗರವೇ ನೋಡಲು ಬಂದಿತ್ತು. ಬಾತುಗಳಿಗೆ ಬ್ರೆಡ್ ಹಾಕಬೇಡಿ. ದೀರ್ಘ ಮಾತುಕತೆಗೆ, ಮೊಮ್ಮಕ್ಕಳಿದ್ದರೆ, ಕೊಳವೇ ಮೇಲು. ಚಳಿಗಾಲದಲ್ಲಿ, ಗದ್ದಲ ಇಷ್ಟಪಡುವವರಿಗೆ ಡೆಲಿ. ಕ್ಯಾಟ್ಜ್‌ಗೆ ಹೋಗುವುದಾದರೆ ವಾರಾಂತ್ಯದ ಮಧ್ಯಾಹ್ನ ಬೇಡ, ಸಾಲು ಬೀದಿಗೆ ಬಂದಿರುತ್ತದೆ.