ಇಡೀ ಆಲ್ಬಮ್ಮೋ, ಆಯ್ದ ಹಾಡುಗಳೋ?

ಕಾರವಾರದ ಕಡಲತೀರದಲ್ಲಿ ರಾಕ್ ಕಾರ್ಯಕ್ರಮ ಇಡುವುದಾದರೆ, ಒಂದು ಆಲ್ಬಮ್ಮನ್ನು ಮೊದಲಿನಿಂದ ಕೊನೆಯವರೆಗೆ ನುಡಿಸುವುದಕ್ಕಿಂತ ಆಯ್ದ ಹಾಡುಗಳೇ ಸರಿ. ಜನ ತಣ್ಣಗಾದರೆ ಮುಂದಿನ ಹಾಡು ಬದಲಿಸಬಹುದು. ಉಪ್ಪುಗಾಳಿಗೆ ಗಿಟಾರ್ ತಂತಿ ಬೇಗ ತುಕ್ಕು ಹಿಡಿಯುತ್ತದೆ, ತೇವಕ್ಕೆ ಶ್ರುತಿ ಜಾರುತ್ತದೆ. ಎರಡು ಹಾಡುಗಳ ನಡುವೆ ಸರಿಮಾಡಿಕೊಳ್ಳಲು ಬಿಡುವೂ ಸಿಗುತ್ತದೆ.

ಇಡೀ ಆಲ್ಬಮ್ ಅಂದರೆ ಇಡೀ ರಾತ್ರಿಯ ಯಕ್ಷಗಾನ ಪ್ರಸಂಗ ಇದ್ದಂತೆ, ಓಟವೇ ಅದರ ಜೀವ. ಬ್ರಿಟನ್ನಿನ ರಾಕ್ ತಂಡ ಪಿಂಕ್ ಫ್ಲಾಯ್ಡ್‌ನ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ (1973) ಸುಮಾರು 43 ನಿಮಿಷ, ಹಾಡಿಗೆ ಹಾಡು ಬೆಸೆದುಕೊಂಡಿದೆ. ಅದರಲ್ಲಿ ಬರುವ ಗಡಿಯಾರ, ನಾಣ್ಯಗಳ ಸದ್ದನ್ನು ಲ್ಯಾಪ್‌ಟಾಪ್‌ನಿಂದ ಬಿಡಬೇಕು, ಅದಕ್ಕೆ ಹೊಂದಿಕೊಳ್ಳಲು ಡ್ರಮ್ಮರ್ ಕಿವಿಗೆ ಕ್ಲಿಕ್ (ಲಯ ತೋರಿಸುವ ಟಿಕ್‌ಟಿಕ್ ಸದ್ದು) ಬೇಕೇ ಬೇಕು. ‘ಮನಿ’ ಹಾಡಿನ ನಾಣ್ಯದ ಸದ್ದು ಏಳು ಪೆಟ್ಟಿನ ಎಣಿಕೆಯದು, ನಾಲ್ಕರ ಅಭ್ಯಾಸದ ಕೈ ಎಂಟನೆಯ ಪೆಟ್ಟು ಹಾಕಿತೋ, ಅಲ್ಲಿಂದ ಮುಂದೆ ಎಲ್ಲರೂ ದಾರಿ ತಪ್ಪುತ್ತಾರೆ. ಸ್ಯಾಕ್ಸೊಫೋನ್, ಎತ್ತರದ ಹೆಣ್ಣುದನಿ ಇಲ್ಲದಿದ್ದರೆ ದಯವಿಟ್ಟು ಈ ಆಲ್ಬಮ್ಮನ್ನು ಮುಟ್ಟಬೇಡಿ. ಒಂದು ಅನುಕೂಲವಿದೆ: ಎಲ್‌ಪಿ ತಟ್ಟೆಯನ್ನು ಎರಡನೇ ಬದಿಗೆ ತಿರುಗಿಸುವ ಜಾಗ ‘ಮನಿ’ಗೆ ಮೊದಲು ಬರುತ್ತದೆ. ಗಿಟಾರ್ ಬದಲಿಸಲು ಅಲ್ಲಿ ಎರಡು ನಿಮಿಷ ತೆಗೆದುಕೊಳ್ಳಿ.

ಜನಪ್ರಿಯ ಹಾಡುಗಳೆಲ್ಲ ಮೊದಲೇ ಮುಗಿದುಹೋಗುವ ಆಲ್ಬಮ್‌ಗಳೂ ಇವೆ. ಅಮೆರಿಕದ ಮೆಟಲ್ ತಂಡ ಮೆಟಾಲಿಕಾ 2012ರಲ್ಲಿ ‘ಬ್ಲ್ಯಾಕ್ ಆಲ್ಬಮ್’ ಎಂದೇ ಹೆಸರಾದ ತನ್ನ ಆಲ್ಬಮ್ಮನ್ನು ಕೊನೆಯಿಂದ ಮೊದಲಿಗೆ ನುಡಿಸಿತು. ಒಳ್ಳೆಯ ಉಪಾಯ.

ಇಡೀ ಆಲ್ಬಮ್ಮಿಗೆ ಶಿರಸಿಯ ಒಳಾಂಗಣ ಸಭಾಭವನ ಹಿಡಿಯಿರಿ. ಕಡಲತೀರವೇ ಬೇಕೆಂದರೆ ರಾತ್ರಿ 8:30ಕ್ಕಾದರೂ ಶುರುಮಾಡಿ, 10ಕ್ಕೆ ಧ್ವನಿವರ್ಧಕ ನಿಲ್ಲಬೇಕು. ಲ್ಯಾಪ್‌ಟಾಪ್‌ಗೂ ಮಿಕ್ಸರ್‌ಗೂ ಯುಪಿಎಸ್ ಇರಲಿ. ಸದ್ದುಗಳನ್ನು ಒಂದೇ ಕಡತವಾಗಿಸದೆ ಹಾಡಿಗೊಂದರಂತೆ ಇಟ್ಟುಕೊಳ್ಳಿ. ಕರೆಂಟು ಹೋದರೆ ನಿಂತ ಹಾಡಿನಿಂದಲೇ ಮತ್ತೆ ಹಿಡಿಯಬಹುದು.