ಮಲೆನಾಡಿನ ಮಳೆ, ಕಣದ ಧೂಳು: ಹೋಯಾ ಎಚ್‌ಎಂಸಿಯೋ ಬಿ+ಡಬ್ಲ್ಯೂ ಕ್ಲಿಯರೋ?

ಲೆನ್ಸಿನ ಮುಂದೆ ತಿರುಪಿ ಕೂರಿಸುವ ಯುವಿ (ಅತಿನೇರಳೆ ಕಿರಣ ತಡೆಯುವ) ಫಿಲ್ಟರ್ ಹಾಕಿದರೆ ಮುಳ್ಳಯ್ಯನಗಿರಿಯ ಚಿತ್ರದಲ್ಲಿ ಮಂಜು ತೆಳುವಾಗುತ್ತದೆ ಎಂಬ ನಂಬಿಕೆ ಇನ್ನೂ ಹೋಗಿಲ್ಲ. ಅದು ಫಿಲ್ಮ್ ರೀಲ್ ಕಾಲದ ಮಾತು. ಡಿಜಿಟಲ್ ಕ್ಯಾಮೆರಾದ ಸೆನ್ಸರ್ ಮುಂದೆ ಯುವಿ ತಡೆಯುವ ಗಾಜು ಮೊದಲೇ ಇರುತ್ತದೆ; ಮಂಜೋ, ಬರೀ ನೀರಹನಿ, ಅದನ್ನು ಯಾವ ಫಿಲ್ಟರೂ ಸೋಸುವುದಿಲ್ಲ. ಕೊಳ್ಳುವುದಿದ್ದರೆ ಲೆನ್ಸಿನ ರಕ್ಷಣೆಗೆ ಮಾತ್ರ ಕೊಳ್ಳಬೇಕು. ಹೋಯಾ, ಬಿ+ಡಬ್ಲ್ಯೂ ಎರಡೂ ಅಂಥ ಫಿಲ್ಟರಿನ ಬ್ರ್ಯಾಂಡುಗಳು.

ಅಂಗಡಿಯಲ್ಲಿ ಮೊದಲು ತಪ್ಪುವುದು ಅಳತೆ. ಲೆನ್ಸಿನ ಮೇಲಿನ 18-55 ಎಂಬುದು ಫೋಕಲ್ ಲೆಂತ್ (ನೋಟ ಎಷ್ಟು ಅಗಲ, ಎಷ್ಟು ಹತ್ತಿರ ಎಂಬ ಲೆಕ್ಕ), ಫಿಲ್ಟರಿನ ಅಳತೆಯಲ್ಲ. ಸೊನ್ನೆಗೆ ಅಡ್ಡಗೀಟು ಎಳೆದ ಗುರುತಿನ ಪಕ್ಕ 52, 58, 77 ಎಂದು ಬರೆದಿರುತ್ತದಲ್ಲ, ಅದನ್ನು ನೋಡಿ.

ಆಮೇಲೆ ಕೋಟಿಂಗ್, ಅಂದರೆ ಪ್ರತಿಫಲನ ತಗ್ಗಿಸಲು ಗಾಜಿಗೆ ಹಚ್ಚಿದ ತೆಳು ಲೇಪನ. ಕೋಟಿಂಗ್ ಇಲ್ಲದ ಗಾಜಿನ ಒಂದೊಂದು ಮೈಯೂ ಸುಮಾರು 4% ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ, ಎರಡೂ ಸೇರಿ 8%. ಬೇಲೂರಿನ ಗುಡಿಯ ಕತ್ತಲ ನವರಂಗದಲ್ಲಿ ನಿಂತು ಹೊಳೆಯುವ ಬಾಗಿಲಿನತ್ತ ಕ್ಯಾಮೆರಾ ತಿರುಗಿಸಿದರೆ ಆ ಬಾಗಿಲಿನ ಮಸುಕು ಪ್ರತಿಬಿಂಬ ಎದುರು ಮೂಲೆಯ ಕಂಬದ ಮೇಲೆ ತಲೆಕೆಳಗಾಗಿ ಕೂರುತ್ತದೆ. ಪರೀಕ್ಷೆ ಸುಲಭ: ಫಿಲ್ಟರನ್ನು ಟ್ಯೂಬ್‌ಲೈಟಿನ ಕೆಳಗೆ ಓರೆಯಾಗಿ ಹಿಡಿಯಿರಿ. ಪ್ರತಿಬಿಂಬ ಬೆಳ್ಳಗೆ ಕಂಡರೆ ಬರೀ ಗಾಜು, ಮಂಕಾಗಿ ಹಸಿರು-ನೇರಳೆ ಕಂಡರೆ ಮಲ್ಟಿಕೋಟಿಂಗ್ (ಹಲವು ಪದರದ ಲೇಪನ). ಒಳ್ಳೆಯ ಕೋಟಿಂಗ್ ಇದ್ದರೂ ರಾತ್ರಿ ದೀಪಾಲಂಕಾರ ತೆಗೆಯುವಾಗ ಫಿಲ್ಟರ್ ಬಿಚ್ಚಿಡುವುದೇ ಸರಿ.

ಹೋಯಾ ಎಚ್‌ಎಂಸಿ ಯುವಿ(ಸಿ) ಮಲ್ಟಿಕೋಟಿಂಗ್ ಇರುವ ಗಾಜು, ತೆಳು ಅಲ್ಯುಮಿನಿಯಂ ರಿಂಗು. ಮುಂದೆ ಥ್ರೆಡ್ ಇರುವುದರಿಂದ ಮಾಮೂಲಿ ಮುಚ್ಚಳ ಕೂರುತ್ತದೆ. ಬೆಲೆಗೆ ಮೋಸವಿಲ್ಲ. ಆದರೆ ಅಲ್ಯುಮಿನಿಯಂ ಥ್ರೆಡ್ಡಿಗೆ ಅಲ್ಯುಮಿನಿಯಂ ಬಿಗಿದರೆ ಕಚ್ಚಿಕೊಳ್ಳುವುದುಂಟು. ಬಿ+ಡಬ್ಲ್ಯೂ 007 ಕ್ಲಿಯರ್ ಎಂಆರ್‌ಸಿ ಯುವಿ ಫಿಲ್ಟರಲ್ಲ, ರಕ್ಷಣೆಗೆಂದೇ ಇರುವ ಮಲ್ಟಿಕೋಟಿಂಗ್‌ನ ತಿಳಿಗಾಜು; ಹಿತ್ತಾಳೆ ರಿಂಗಿನದಾದರೆ ಅಷ್ಟು ಬೇಗ ಕಚ್ಚದು. ಮೇಲಿನ ಲೇಪನದ ಮೇಲೆ ನೀರೂ ನಿಲ್ಲದೆ ಜಾರುತ್ತದೆ. ಸಕಲೇಶಪುರದ ಜಡಿಮಳೆಗೆ ಇದೇ ಮೇಲು, ದುಬಾರಿಯಾದರೂ.

ಕಚ್ಚಿದ ಫಿಲ್ಟರನ್ನು ಎರಡು ಬೆರಳಲ್ಲಿ ಹಿಂಡಬೇಡಿ. ರಿಂಗು ಮೊಟ್ಟೆಯಾಕಾರಕ್ಕೆ ತಿರುಗಿ ಇನ್ನೂ ಬಿಗಿಯಾಗುತ್ತದೆ. ತೊಳೆದ ರಬ್ಬರ್ ಚಪ್ಪಲಿಯ ಮೇಲೆ ರಿಂಗನ್ನು ಸಮವಾಗಿ ಒತ್ತಿ, ಲೆನ್ಸನ್ನು ಎಡಕ್ಕೆ ತಿರುಗಿಸಿದರೆ ಬರುತ್ತದೆ.

ಕಾಫಿ ಕಣದ ಧೂಳನ್ನು ಅಂಗಿಯ ಚುಂಗಿನಲ್ಲಿ ಒರೆಸಿದರೆ ಕೋಟಿಂಗ್ ಗೀರಿತೆಂದೇ ಲೆಕ್ಕ. ಮೊದಲು ಬ್ಲೋವರ್, ಆಮೇಲೆ ಬ್ರಶ್, ಕೊನೆಗೆ ಮೈಕ್ರೋಫೈಬರ್ ಬಟ್ಟೆಗೆ ಒಂದು ಹನಿ ಲೆನ್ಸ್ ಒರೆಸುವ ದ್ರವ. ಹನಿ ಬಟ್ಟೆಗೆ, ಗಾಜಿಗಲ್ಲ.

ಎಸಿ ಕಾರಿನಿಂದ ಮಳೆಗಾಲದ ತೇವಕ್ಕೆ ಇಳಿದೊಡನೆ ಗಾಜು ಬೆವರುತ್ತದೆ. ಫಿಲ್ಟರಿನ ಒಳಗೂ ಬೆವರಿದರೆ ಹೊರಗೆ ಎಷ್ಟು ಒರೆಸಿದರೂ ವ್ಯರ್ಥ, ಬಿಚ್ಚಿ ಆರಿಸಲೇಬೇಕು. ಒದ್ದೆಯಲ್ಲೇ ತಿರುಪಿ ಚೀಲದೊಳಗೆ ಇಟ್ಟರೆ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ. ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್, 40-50% ತೇವಾಂಶ ಸಾಕು.

ಪೋಲರೈಸರ್ (ಹೊಳಪಿನ ಪ್ರತಿಫಲನ ತಗ್ಗಿಸುವ ಫಿಲ್ಟರ್) ಹಾಕುವಾಗ ಈ ರಕ್ಷಣೆಯ ಫಿಲ್ಟರನ್ನು ತೆಗೆಯಿರಿ, ಇಲ್ಲವಾದರೆ ವೈಡ್ ಲೆನ್ಸಿನಲ್ಲಿ ಮೂಲೆಗಳು ಕಪ್ಪಾಗುತ್ತವೆ. ಕ್ಯಾನನ್ 17-40 ಎಫ್/4 ಎಲ್‌ನಂಥ ಕೆಲವು ಲೆನ್ಸುಗಳಿಗೆ ಮುಂದೆ ಫಿಲ್ಟರ್ ಇದ್ದರೇನೇ ಮಳೆ-ಧೂಳಿನ ಸೀಲಿಂಗ್ ಪೂರ್ತಿಯಾಗುವುದು; ಅಲ್ಲಿ ಚರ್ಚೆಯೇ ಇಲ್ಲ. ಬಿದ್ದ ಏಟಿಗೆ ಮಾತ್ರ ಇದನ್ನು ನಂಬಬೇಡಿ. ತೆಳು ಗಾಜು ಒಡೆದು ಅದರ ಚೂರೇ ಲೆನ್ಸನ್ನು ಗೀರಬಹುದು. ಏಟು ತಡೆಯಲು ಹುಡ್ (ಲೆನ್ಸಿನ ಮುಂದೆ ಚಾಚುವ ಮರೆ) ವಾಸಿ, ಕ್ಯಾಮೆರಾ ಜೊತೆಗೇ ಬರುವ ಕಿಟ್ ಲೆನ್ಸಿಗಂತೂ ಅದೊಂದೇ ಸಾಕು.