ಎಂಜಿನ್ ಆಯಿಲ್‌ಗೆ ಡೀಸೆಲ್ ಸೇರುತ್ತಿದೆಯೇ? ಹಳೆಯ ಲಾರಿಯ ಮೇಲೆ ಮಾಡಿ ನೋಡಿದ ಪರೀಕ್ಷೆಗಳ ಹೋಲಿಕೆ

ಹಳೆಯ ಡೀಸೆಲ್ ಲಾರಿಯಲ್ಲಿ ಎಂಜಿನ್ ಆಯಿಲ್ ಸ್ವಲ್ಪ ಸ್ವಲ್ಪವೇ ಕಡಿಮೆಯಾಗುವುದು ಸಾಮಾನ್ಯ. ಆಯಿಲ್ ಮಟ್ಟ ಏರುತ್ತ ಹೋದರೆ ಮಾತ್ರ ಲಾರಿಯನ್ನು ನಿಲ್ಲಿಸಿ ನೋಡಲೇಬೇಕು. ಮಂಡ್ಯದ ಸುತ್ತಮುತ್ತ ಕಬ್ಬಿನ ಲೋಡು ಹೊಡೆಯುವ ನಮ್ಮ ಟಾಟಾ 697 ಎಂಜಿನ್ನಿನ ಲಾರಿಯಲ್ಲಿ, ಹಂಗಾಮಿನ ನಡುವೆಯೇ ಆಯಿಲ್ ಮಟ್ಟ ಅಳೆಯುವ ಡಿಪ್ ಸ್ಟಿಕ್ಕಿನ ಮೇಲಿನ ಗೆರೆಯನ್ನು ದಾಟತೊಡಗಿತು, ಎಂಜಿನ್ ಕಾದ ಮೇಲೆ ಐಡಲ್‌ನಲ್ಲಿ ಪ್ರೆಷರ್ ಗೇಜಿನ ಮುಳ್ಳು ಎಂದಿಗಿಂತ ಕೆಳಗೆ ಇಳಿಯಿತು. ರೇಡಿಯೇಟರ್ ನೀರು ಇಳಿದಿರಲಿಲ್ಲ, ಆಯಿಲ್ ಬೆಳ್ಳಗೆ ಕದಡಿರಲೂ ಇಲ್ಲ, ಅಂದರೆ ಆಯಿಲಿಗೆ ನೀರು ಸೇರಿದಂತೆ ಕಾಣಲಿಲ್ಲ. ಆದ್ದರಿಂದ ಡೀಸೆಲ್ಲಿನ ಮೇಲೆಯೇ ಅನುಮಾನ ಬಂತು. ಇಂಥ ಹೊತ್ತಿನಲ್ಲಿ ಒಬ್ಬೊಬ್ಬರು ಒಂದೊಂದು ಪರೀಕ್ಷೆಯನ್ನು ಹೇಳುತ್ತಾರೆ. ಅವುಗಳಲ್ಲಿ ಹೆಚ್ಚಿನವನ್ನು ಇದೇ ಲಾರಿಯ ಮೇಲೆ ಮಾಡಿ ನೋಡಿದ್ದರಿಂದ, ಯಾವುದು ಯಾವ ಪ್ರಶ್ನೆಗೆ ಉತ್ತರ ಕೊಡುತ್ತದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಡೀಸೆಲ್ ಸೇರಿದೆಯೇ ಎಂಬುದು ಒಂದು ಪ್ರಶ್ನೆ, ಎಲ್ಲಿಂದ ಸೇರುತ್ತಿದೆ ಎಂಬುದು ಇನ್ನೊಂದು; ಒಂದಕ್ಕೆ ಉತ್ತರ ಕೊಡುವ ಪರೀಕ್ಷೆಯನ್ನು ಇನ್ನೊಂದಕ್ಕೆ ಬಳಸುವುದರಿಂದಲೇ ಗ್ಯಾರೇಜುಗಳಲ್ಲಿ ದುಡ್ಡು ಪೋಲಾಗುತ್ತದೆ.

ಮೊದಲ ಪ್ರಶ್ನೆಗೆ ಎಲ್ಲರೂ ಮಾಡುವುದು ಡಿಪ್ ಸ್ಟಿಕ್ಕನ್ನು ಮೂಸಿ ನೋಡುವುದು. ಇದರ ಮೇಲೆ ನನಗೆ ಹೆಚ್ಚು ನಂಬಿಕೆಯಿಲ್ಲ, ಏಕೆಂದರೆ ದಿನವಿಡೀ ಡೀಸೆಲ್ ಮುಟ್ಟುವ ಕೈಗೆ ಎಲ್ಲವೂ ಡೀಸೆಲ್ಲಿನಂತೆಯೇ ವಾಸನೆ ಹೊಡೆಯುತ್ತದೆ. ಇದಕ್ಕಿಂತ ಫಿಲ್ಟರ್ ಪೇಪರಿನ ಮೇಲೆ ಒಂದು ತೊಟ್ಟು ಹಾಕಿ ಕೆಲವು ಗಂಟೆ ಬಿಡುವುದು ಮೇಲು. ಮಸಿ ನಡುವಿನಲ್ಲಿ ಕಪ್ಪಾಗಿ ಉಳಿಯುತ್ತದೆ, ಡೀಸೆಲ್ ಅದನ್ನು ಬಿಟ್ಟು ದೂರ ಹರಡಿ ಅಂಚಿನಲ್ಲಿ ತಿಳಿಬಣ್ಣದ, ಬೆಳಕಿಗೆ ಹಿಡಿದರೆ ಪಾರದರ್ಶಕವಾಗಿ ಕಾಣುವ ಒಂದು ಬಳೆಯನ್ನು ಬಿಡುತ್ತದೆ. ಆಯಿಲ್ ಬದಲಿಸಿದ ದಿನ ಹೊಸ ಆಯಿಲನ್ನು ಒಂದು ಸಣ್ಣ ಬಾಟಲಿಯಲ್ಲಿ ತೆಗೆದಿಟ್ಟಿದ್ದರೆ, ಅದರ ತೊಟ್ಟನ್ನು ಪಕ್ಕದಲ್ಲೇ ಹಾಕಿ ಹೋಲಿಸಬಹುದು. ಪತ್ರಿಕೆಯ ಕಾಗದ ಒಂದೇ ಸಮನೆ ಹೀರುವುದಿಲ್ಲವಾದ್ದರಿಂದ ಈ ಕೆಲಸಕ್ಕೆ ಆಗಿಬರುವುದಿಲ್ಲ.

ಲ್ಯಾಬ್ ಪರೀಕ್ಷೆಗೆ ಸ್ಯಾಂಪಲ್ಲನ್ನು ಬೆಂಗಳೂರಿಗೆ ಕಳುಹಿಸಬೇಕಾಯಿತು. ನಾವು ಹಾಕುವುದು 15ಡಬ್ಲ್ಯೂ-40. 40ರ ದರ್ಜೆಯ ಆಯಿಲಿನ ಸ್ನಿಗ್ಧತೆ, ಎಂದರೆ ದಪ್ಪ, 100 ಡಿಗ್ರಿ ಸೆಲ್ಸಿಯಸ್‌ನಲ್ಲಿ 12.5ಕ್ಕೆ ಕಡಿಮೆಯಿಲ್ಲದಂತೆ, 16.3 ಸೆಂಟಿಸ್ಟೋಕ್ಸ್‌ಗಿಂತ ಕೆಳಗಿರಬೇಕು. ನಮ್ಮದು 30ರ ದರ್ಜೆಗೆ ಇಳಿದಿತ್ತು. ಆದರೆ ಸ್ನಿಗ್ಧತೆಯೊಂದನ್ನೇ ನಂಬುವಂತಿಲ್ಲ: ಡೀಸೆಲ್ ಆಯಿಲನ್ನು ತೆಳುವಾಗಿಸಿದರೆ ಮಸಿ ಅದನ್ನು ದಪ್ಪಗಾಗಿಸುತ್ತದೆ, ಎರಡೂ ಸೇರಿದಾಗ ಅಂಕಿ ಸರಿಯಾಗಿಯೇ ಕಾಣಬಹುದು. ಆದ್ದರಿಂದ ಫ್ಲ್ಯಾಶ್ ಪಾಯಿಂಟನ್ನೂ (ಆಯಿಲಿನ ಆವಿ ಕಿಡಿಗೆ ಹೊತ್ತಿಕೊಳ್ಳುವ ಉಷ್ಣಾಂಶ) ಡೀಸೆಲ್ಲಿನ ಶೇಕಡಾವಾರನ್ನೂ ಕೇಳಿ ಬರೆಸಬೇಕು. ಹೊಸ ಎಂಜಿನ್ ಆಯಿಲಿನ ಫ್ಲ್ಯಾಶ್ ಪಾಯಿಂಟ್ ಸಾಮಾನ್ಯವಾಗಿ 200 ಡಿಗ್ರಿಗಿಂತ ಮೇಲಿರುತ್ತದೆ, ಡೀಸೆಲ್ಲಿನದು ಅದಕ್ಕಿಂತ ಬಹಳ ಕೆಳಗೆ. ಸ್ವಲ್ಪ ಡೀಸೆಲ್ ಬೆರೆತರೂ ಇದು ಕುಸಿದು ಕಾಣುತ್ತದೆ. ವರದಿ ಖಚಿತವಾಗಿತ್ತು, ಆದರೆ ಎಲ್ಲಿಂದ ಎಂಬುದಕ್ಕೆ ಅದರಲ್ಲಿ ಉತ್ತರವಿರಲಿಲ್ಲ. ಒಂದೇ ಲಾರಿ ಇಟ್ಟುಕೊಂಡವರಿಗೆ ಫಿಲ್ಟರ್ ಪೇಪರ್ ಸಾಕು ಎಂದೇ ನನ್ನ ಅಭಿಪ್ರಾಯ.

ಎರಡನೆಯ ಪ್ರಶ್ನೆಗೆ ನಮ್ಮ ಕಡೆಯ ವಾಡಿಕೆ, ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ನಾಜಲ್‌ಗಳನ್ನು ಬಿಚ್ಚಿ, ಡೀಸೆಲ್ ಪಂಪ್ ರಿಪೇರಿ ಮಾಡುವ ಪಂಪ್ ಶಾಪಿಗೆ ಒಯ್ಯುವುದು. ಟೆಸ್ಟರಿಗೆ ಕಟ್ಟಿ, ತೆರೆಯುವ ಒತ್ತಡಕ್ಕಿಂತ ಸುಮಾರು 20 ಬಾರ್ ಕಡಿಮೆಯಲ್ಲಿ ಹಿಡಿದರೆ 10 ಸೆಕೆಂಡಿನವರೆಗೆ ತುದಿಯಿಂದ ತೊಟ್ಟು ಉದುರಬಾರದು. ಪರೀಕ್ಷೆಯೇನೋ ಒಳ್ಳೆಯದೇ, ಆದರೆ ಆಯಿಲ್ ಮಟ್ಟ ಏರುವಷ್ಟು ಡೀಸೆಲ್ಲನ್ನು ಒಂದು ನಾಜಲ್ ಸುರಿಯುತ್ತಿದ್ದರೆ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಬಿಳಿ ಹೊಗೆ, ಮಿಸ್ಸಿಂಗ್, ಬಡಿತ, ಇವುಗಳಲ್ಲಿ ಯಾವುದಾದರೊಂದು ಕಾಣಲೇಬೇಕು. ನಮ್ಮ ಲಾರಿಯಲ್ಲಿ ಯಾವುದೂ ಇರಲಿಲ್ಲ. ಹೊಗೆ ಸರಿಯಾಗಿದ್ದು ಆಯಿಲ್ ಏರುತ್ತಿದ್ದರೆ ಮೊದಲು ನಾಜಲ್‌ಗಳಿಗೆ ಒತ್ತಡದಲ್ಲಿ ಡೀಸೆಲ್ ಕಳುಹಿಸುವ ಪಂಪಿನ ಕಡೆ ನೋಡುವುದೇ ಸರಿ.

ಹೊಳೆಯುವ ಬಣ್ಣವನ್ನು ಟ್ಯಾಂಕಿಗೆ ಹಾಕಿ ನೇರಳಾತೀತ ಟಾರ್ಚಿನಲ್ಲಿ ನೋಡುವ ವಿಧಾನವನ್ನೂ ಪ್ರಯತ್ನಿಸಿದೆವು. ಹೊರಗೆ ಜಿನುಗುವ ಪೈಪಿನ ನಟ್ಟುಗಳನ್ನು ಅದು ಚೆನ್ನಾಗಿಯೇ ತೋರಿಸಿತು. ಒಳಗಿನ ಸೋರಿಕೆಗೆ ಮಾತ್ರ ಉಪಯೋಗವಾಗಲಿಲ್ಲ: ಬಣ್ಣ ಚೇಂಬರಿಗೆ (ಎಂಜಿನ್ನಿನ ತಳದ ಆಯಿಲ್ ತೊಟ್ಟಿಗೆ) ಇಳಿದು ಆಯಿಲಿನೊಡನೆ ಒಮ್ಮೆ ಸುತ್ತಿತೆಂದರೆ ಎಲ್ಲ ಕಡೆಯೂ ಹೊಳೆಯುತ್ತದೆ.

ಪಂಪಿಗೆ ಬರುವ ಮುನ್ನ ಒಂದು ವಿಷಯವನ್ನು ಗಮನಿಸಬೇಕು. ಕೆಲವು ಹಳೆಯ ಇನ್‌ಲೈನ್ ಪಂಪುಗಳಿಗೆ ಪ್ರತ್ಯೇಕವಾಗಿ ಆಯಿಲ್ ತುಂಬಿಸುತ್ತಾರೆ. ಅಲ್ಲಿ ಡೀಸೆಲ್ ಸೋರಿದರೆ ಹೆಚ್ಚಾದದ್ದು ಹೊರಗೆ ಹರಿದು ಬೀಳುತ್ತದೆ. ಎಂಜಿನ್ನಿನಿಂದಲೇ ಪಂಪಿಗೆ ಆಯಿಲ್ ಪೈಪು ಬಂದಿದ್ದರೆ ಮಾತ್ರ ಪಂಪಿನೊಳಗೆ ಸೋರಿದ ಡೀಸೆಲ್ ಚೇಂಬರಿಗೆ ಸೇರಲು ದಾರಿಯಿರುತ್ತದೆ. ನಮ್ಮದು ಎರಡನೆಯ ಬಗೆಯದು.

ಮೈಸೂರಿನ ಬನ್ನಿಮಂಟಪದ ಕಡೆಯ ಒಬ್ಬ ಹಿರಿಯ ಪಂಪ್ ಮೇಸ್ತ್ರಿ ಮಾಡಿ ತೋರಿಸಿದ ಪರೀಕ್ಷೆ ಎಲ್ಲಕ್ಕಿಂತ ಅಗ್ಗವಾಗಿತ್ತು, ಹೆಚ್ಚು ತಿಳಿಸಿದ್ದೂ ಅದೇ. ಎಂಜಿನ್ ಆರಿಸಿ, ಪಂಪಿನ ಪಕ್ಕದ ಮುಚ್ಚಳ ತೆಗೆದು, ಸ್ಪ್ರಿಂಗ್, ಟ್ಯಾಪೆಟ್‌ಗಳನ್ನೆಲ್ಲ ಹತ್ತಿಬಟ್ಟೆಯಿಂದ ಒಣಗುವಂತೆ ಒರೆಸಿ, ರಿಟರ್ನ್ ಪೈಪನ್ನು ಬಂದ್ ಮಾಡಿ, ಟ್ಯಾಂಕಿನಿಂದ ಡೀಸೆಲ್ ಎಳೆದು ಈ ಪಂಪಿಗೆ ಕೊಡುವ ಸಣ್ಣ ಫೀಡ್ ಪಂಪಿನ ಮೇಲಿರುವ ಕೈಪಂಪನ್ನು ಗಟ್ಟಿಯಾಗುವವರೆಗೂ ಒತ್ತುತ್ತ ಹೋದರು. ಎಲಿಮೆಂಟಿನ (ಪ್ರತಿ ಸಿಲಿಂಡರಿಗೆ ಡೀಸೆಲ್ ಒತ್ತುವ ಪ್ಲಂಜರ್, ಬ್ಯಾರಲ್ ಜೋಡಿ) ಬ್ಯಾರಲ್ ಪಂಪಿನ ಮೈಯಲ್ಲಿ ಸರಿಯಾಗಿ ಕೂರದಿದ್ದರೆ ಅಥವಾ ಪ್ಲಂಜರ್ ಸವೆದಿದ್ದರೆ ಸ್ಪ್ರಿಂಗಿನ ಮೇಲೆ ತಿಳಿ ಡೀಸೆಲ್ ಇಳಿಯಬೇಕು. ಆರೂ ಎಲಿಮೆಂಟುಗಳ ಕೆಳಗೆ ಬೆರಳಿಟ್ಟು ನೋಡಿದರು. ಎಲ್ಲ ಒಣಗಿಯೇ ಇದ್ದವು. ಉಳಿದದ್ದು ಫೀಡ್ ಪಂಪ್ ಒಂದೇ. ಅದನ್ನು ಬಿಚ್ಚಿ, ಹೊರಹೋಗುವ ದಾರಿಯನ್ನು ಮುಚ್ಚಿ, ಒಳಬರುವ ಕಡೆಯಿಂದ ಸುಮಾರು 2 ಕೆಜಿ ಒತ್ತಡದ ಗಾಳಿ ಕೊಟ್ಟು ಡೀಸೆಲ್ ತುಂಬಿದ ಟ್ರೇಯಲ್ಲಿ ಮುಳುಗಿಸಿದರು. ಫೀಡ್ ಪಂಪನ್ನು ಓಡಿಸುವ ಕಡ್ಡಿಯಾದ ಸ್ಪಿಂಡಲ್ಲಿನ ಸುತ್ತ ಒಂದೊಂದು ಸಣ್ಣ ಗುಳ್ಳೆ ಏಳುವುದಕ್ಕೆ ಅಡ್ಡಿಯಿಲ್ಲ. ಇಲ್ಲಿ ಗುಳ್ಳೆಗಳು ಅಕ್ಕಿ ಕುದಿಯುವಂತೆ ಎದ್ದವು. ಕ್ಯಾಮಿನ ಪ್ರತಿ ತಳ್ಳುವಿಕೆಗೂ ಸವೆದ ಆ ಸ್ಪಿಂಡಲ್ಲಿನ ಸಂದಿಯಿಂದಲೇ ಡೀಸೆಲ್ ದೊಡ್ಡ ಪಂಪಿನ ತಳದ ಕ್ಯಾಮ್‌ಬಾಕ್ಸಿಗೆ, ಅಲ್ಲಿಂದ ಚೇಂಬರಿಗೆ ಇಳಿಯುತ್ತಿತ್ತು.

ಸ್ಪಿಂಡಲ್ಲನ್ನಷ್ಟೇ ಬದಲಿಸಿದರೆ ಅದು ಓಡಾಡುವ ಸವೆದ ರಂಧ್ರ ಹಾಗೆಯೇ ಉಳಿಯುತ್ತದೆ; ಆದ್ದರಿಂದ ಫೀಡ್ ಪಂಪನ್ನೇ ಹೊಸದಾಗಿ ಹಾಕಿಸಿ, ಆಯಿಲ್, ಫಿಲ್ಟರ್ ಎರಡನ್ನೂ ಬದಲಿಸಿದೆವು. ತೆಳುವಾದ ಆಯಿಲಿನಲ್ಲಿ ಓಡಿದ ಬೇರಿಂಗುಗಳನ್ನು ಹಂಗಾಮು ಮುಗಿದ ಮೇಲೆ ಚೇಂಬರ್ ಇಳಿಸಿ ನೋಡುವಂತೆ ಮೇಸ್ತ್ರಿ ಹೇಳಿದ್ದಾರೆ. ಅಲ್ಲಿಯವರೆಗೆ ಪ್ರೆಷರ್ ಮುಳ್ಳಿನ ಮೇಲೆ ಕಣ್ಣಿಟ್ಟು ಓಡಿಸುತ್ತಿದ್ದೇವೆ.